ನವಣೆ ಯಾವುದು, ಸಾಮೆ ಯಾವುದು: ಆನ್‌ಲೈನ್‌ನಲ್ಲಿ ಫೋಟೊ ಮಾರಲು ಹೊರಟವರಿಗೆ

ಫೋಟೊ ತೆಗೆಯುವ ಗೀಳು ಹತ್ತಿದವರಿಗೆಲ್ಲ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ: ಹಾರ್ಡ್‌ಡಿಸ್ಕ್ ತುಂಬ ಬಿದ್ದಿರುವ ಈ ಚಿತ್ರಗಳನ್ನು ಯಾರಾದರೂ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರಾ? ತೆಗೆದುಕೊಳ್ಳುತ್ತಾರೆ. ಆದರೆ ನಾವು ಅಂದುಕೊಂಡ ಚಿತ್ರಗಳನ್ನಲ್ಲ, ಅಂದುಕೊಂಡ ಬೆಲೆಗೂ ಅಲ್ಲ. ಇಷ್ಟು ಮೊದಲೇ ಗೊತ್ತಿದ್ದರೆ ಮುಂದಿನ ದಾರಿ ಸಲೀಸು. ಗೊತ್ತಿಲ್ಲದೆ ಇಳಿದವರು ಮೂರ್ನಾಲ್ಕು ತಿಂಗಳಲ್ಲಿ ಬೇಸತ್ತು ಕೈಬಿಡುತ್ತಾರೆ. ಹಾಗಾಗಬಾರದೆಂದು ಬುಡದಿಂದಲೇ ಹೇಳುತ್ತಾ ಹೋಗುತ್ತೇನೆ.

ಮೊದಲು ಕೊಳ್ಳುವವರು ಯಾರೆಂದು ನೋಡೋಣ. ಪಠ್ಯಪುಸ್ತಕದ ಪುಟ ವಿನ್ಯಾಸ ಮಾಡುವವರು, ಜಾಹೀರಾತು ಸಂಸ್ಥೆಯವರು, ಪತ್ರಿಕೆಯ ಪುರವಣಿ ನೋಡಿಕೊಳ್ಳುವವರು, ಹಿಟ್ಟಿನ ಪೊಟ್ಟಣದ ಮೇಲೆ ಚಿತ್ರ ಬೇಕಾದ ಸಣ್ಣ ಉದ್ಯಮಿಗಳು, ಪ್ರವಾಸ ಕಂಪನಿಗಳು. ಇವರಿಗೆಲ್ಲ ದಿನ ಬೆಳಗಾದರೆ ಚಿತ್ರ ಬೇಕು. ಒಂದೊಂದಕ್ಕೂ ಫೋಟೊಗ್ರಾಫರ್ ಕಳಿಸಲು ಹಣವೂ ಇಲ್ಲ, ಹೊತ್ತೂ ಇಲ್ಲ. ಸಂಜೆ ಐದಕ್ಕೆ ಪುಟ ಮುದ್ರಣಕ್ಕೆ ಹೋಗಬೇಕು, ನಾಲ್ಕೂವರೆಗೆ ರಾಗಿ ತೆನೆಯ ಚಿತ್ರ ಬೇಕು ಎನ್ನುವಾಗ ಅವರು ಸ್ಟಾಕ್ ಫೋಟೊ ತಾಣಗಳಿಗೆ ಹೋಗುತ್ತಾರೆ: ಶಟರ್‌ಸ್ಟಾಕ್, ಅಡೋಬಿ ಸ್ಟಾಕ್, ಗೆಟ್ಟಿಯವರ ಐಸ್ಟಾಕ್, ಇಂಗ್ಲೆಂಡಿನ ಅಲಾಮಿ. ಎರಡು ಮೂರು ಪದ ಟೈಪ್ ಮಾಡಿ, ಮೊದಲ ಒಂದೆರಡು ಪುಟಗಳಲ್ಲಿ ಕಂಡದ್ದರಲ್ಲಿ ಒಂದನ್ನು ಆರಿಸಿ, ಹಣ ಕಟ್ಟಿ ಇಳಿಸಿಕೊಳ್ಳುತ್ತಾರೆ. ತೆಗೆದವರು ಯಾರೆಂದು ಅವರು ಕೇಳುವುದಿಲ್ಲ.

ಒಂದು ಕಾಲಕ್ಕೆ ಈ ವ್ಯಾಪಾರದ ಬಾಗಿಲು ನಮ್ಮಂಥವರಿಗೆ ತೆರೆದಿರಲಿಲ್ಲ. ದೊಡ್ಡ ಏಜೆನ್ಸಿಗಳು, ಅವುಗಳಿಗೆ ಗೊತ್ತಿರುವ ಕೆಲವೇ ವೃತ್ತಿಪರರು, ಒಂದು ಚಿತ್ರಕ್ಕೆ ನೂರಾರು ಡಾಲರ್. 2000ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೂಸ್ ಲಿವಿಂಗ್‌ಸ್ಟನ್ ಶುರು ಮಾಡಿದ ಐಸ್ಟಾಕ್‌ಫೋಟೊ ಈ ಲೆಕ್ಕಾಚಾರವನ್ನು ಬದಲಿಸಿತು. 2003ರಲ್ಲಿ ನ್ಯೂಯಾರ್ಕ್‌ನ ಜಾನ್ ಓರಿಂಗರ್ ತಾವೇ ತೆಗೆದ ಸುಮಾರು 30,000 ಚಿತ್ರಗಳನ್ನಿಟ್ಟುಕೊಂಡು ಶಟರ್‌ಸ್ಟಾಕ್ ತೆರೆದರು. ತಿಂಗಳ ಚಂದಾ ಕಟ್ಟಿದವರು ಬೇಕಾದಷ್ಟು ಚಿತ್ರ ಇಳಿಸಿಕೊಳ್ಳಬಹುದಾದ ಪದ್ಧತಿ ಬಂತು. ಬೆಲೆ ಕುಸಿಯಿತು, ಬಾಗಿಲು ತೆರೆಯಿತು. ಇವೆರಡೂ ಒಟ್ಟೊಟ್ಟಿಗೇ ನಡೆದವು ಎಂಬುದನ್ನು ಮರೆಯಬೇಡಿ.

ಇಲ್ಲಿ ಚಿತ್ರದ ಒಡೆತನ ನಿಮ್ಮಲ್ಲೇ ಉಳಿಯುತ್ತದೆ, ನೀವು ಕೊಡುವುದು ಬಳಸುವ ಪರವಾನಗಿ ಮಾತ್ರ. ಮನೆಯನ್ನು ಬಾಡಿಗೆಗೆ ಬಿಟ್ಟ ಹಾಗೆ. ಒಂದೇ ವ್ಯತ್ಯಾಸವೆಂದರೆ, ಈ ಮನೆಯಲ್ಲಿ ಏಕಕಾಲಕ್ಕೆ ನೂರು ಜನ ಬಾಡಿಗೆದಾರರಿರಬಹುದು. ಬಾಡಿಗೆ ಎಷ್ಟು? ಅಡೋಬಿ ಸ್ಟಾಕ್ ತನಗೆ ಬಂದದ್ದರಲ್ಲಿ ಶೇ. 33ನ್ನು ಫೋಟೊ ತೆಗೆದವರಿಗೆ ಕೊಡುತ್ತದೆ. ಶಟರ್‌ಸ್ಟಾಕ್‌ನಲ್ಲಿ 2020ರಿಂದ ಆರು ಹಂತಗಳಿವೆ. ಶೇ. 15ರಿಂದ ಶುರುವಾಗಿ, ಆ ವರ್ಷ ಮಾರಾಟವಾದ ಚಿತ್ರಗಳ ಸಂಖ್ಯೆಗೆ ತಕ್ಕಂತೆ ಶೇ. 40ರವರೆಗೆ ಏರುತ್ತದೆ. ಜನವರಿ ಒಂದರಂದು ಎಲ್ಲರೂ ಮತ್ತೆ ಮೊದಲ ಮೆಟ್ಟಿಲಿಗೆ. ಚಂದಾದಾರರು ಇಳಿಸಿಕೊಂಡ ಒಂದು ಚಿತ್ರಕ್ಕೆ ಅಲ್ಲಿ ಹತ್ತೇ ಸೆಂಟ್ ಸಿಗುವುದೂ ಉಂಟು, ಅಂದರೆ ಹತ್ತು ರೂಪಾಯಿಯ ಆಸುಪಾಸು. ಆದ್ದರಿಂದ ಹೊಸಬರಿಗೆ ನನ್ನ ಮೊದಲ ಸಲಹೆ: ಕೈಯಲ್ಲಿರುವ ಕೆಲಸ ಬಿಡಬೇಡಿ, ಇದಕ್ಕಾಗಿ ಸಾಲ ಮಾಡಿ ಕ್ಯಾಮೆರಾ ಕೊಳ್ಳಬೇಡಿ. ಒಂದೊಂದು ಚಿತ್ರದ ದುಡಿಮೆ ಚಿಕ್ಕದು, ಆದರೆ ಅದು ವರ್ಷಗಟ್ಟಲೆ ದುಡಿಯುತ್ತದೆ. ನೂರಾರು ಚಿತ್ರಗಳು ಸೇರಿದ ಮೇಲಷ್ಟೇ ಮೊತ್ತ ಕಣ್ಣಿಗೆ ಬೀಳುವುದು.

ಇನ್ನು, ಏನನ್ನು ತೆಗೆಯಬೇಕು? ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಇದನ್ನೇ. ಹೊಸಬರು ಮೊದಲು ಕಳಿಸುವುದು ಸೂರ್ಯಾಸ್ತ, ದಾಸವಾಳ, ಮಳೆಹನಿ, ಜೋಗ. ಕಳಿಸಬಾರದೆಂದಲ್ಲ. ಆದರೆ ಜಗತ್ತಿನ ಎಲ್ಲ ಊರುಗಳಲ್ಲೂ ಸೂರ್ಯ ಮುಳುಗುತ್ತಾನೆ, ಎಲ್ಲರೂ ತೆಗೆದು ಹಾಕಿದ್ದಾರೆ. ನಿಮ್ಮದು ಎಷ್ಟೇ ಚೆಂದವಿದ್ದರೂ ಲಕ್ಷಾಂತರ ಸೂರ್ಯಾಸ್ತಗಳ ನಡುವೆ ಕೊಳ್ಳುವವರ ಕಣ್ಣಿಗೆ ಬೀಳುವುದು ಕಷ್ಟ. ಅದಕ್ಕಿಂತ, ನಿಮಗೆ ಚೆನ್ನಾಗಿ ಗೊತ್ತಿರುವ, ಇತರರಿಗೆ ಸುಲಭವಾಗಿ ಸಿಗದ ಸಂಗತಿ ಯಾವುದೆಂದು ಯೋಚಿಸಿ. ಅದು ನಿಮ್ಮ ಅಡುಗೆಮನೆಯಲ್ಲೋ ಹಿತ್ತಲಲ್ಲೋ ಇರುತ್ತದೆ.

ಸಿರಿಧಾನ್ಯವನ್ನೇ ತೆಗೆದುಕೊಳ್ಳಿ. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತ್ತು, ಆ ಪ್ರಸ್ತಾವ ಮುಂದಿಟ್ಟದ್ದು ಭಾರತವೇ. ಇಂಥ ವರ್ಷದಲ್ಲಿ ಪತ್ರಿಕೆ, ಆಸ್ಪತ್ರೆಯ ಕೈಪಿಡಿ, ಹೋಟೆಲಿನ ಮೆನು, ಸರ್ಕಾರಿ ಫಲಕ ಎಲ್ಲಕ್ಕೂ ನವಣೆ, ಸಾಮೆ, ಹಾರಕ, ಊದಲು, ಕೊರಲೆ, ಬರಗುಗಳ ಚಿತ್ರ ಬೇಕಾಗುತ್ತದೆ. ಇವುಗಳ ಅಕ್ಕಿಯನ್ನು ಪಕ್ಕಪಕ್ಕದಲ್ಲಿಟ್ಟರೆ ಪೇಟೆಯವರಿಗೆ ಬಹುಪಾಲು ಒಂದೇ ಥರ ಕಾಣುತ್ತದೆ. ಚಿತ್ರ ತೆಗೆದವರಿಗೆ ಬೆಳೆಯ ಪರಿಚಯವಿಲ್ಲದಿದ್ದರೆ ಸಾಮೆಯ ಬಟ್ಟಲಿಗೆ ನವಣೆಯ ಹೆಸರು ಬೀಳುತ್ತದೆ, ಸಜ್ಜೆಯ ತೆನೆ ರಾಗಿಯಾಗಿ ಮಾರಾಟವಾಗುತ್ತದೆ. ತುಮಕೂರು, ಚಿತ್ರದುರ್ಗದ ಕಡೆಯ ರೈತರ ಮನೆಯ ಹುಡುಗಿಗೆ ಇದರಲ್ಲಿ ಗೊಂದಲವೇ ಇಲ್ಲ. ಕೊರಲೆ ಯಾವುದೆಂದು ಅವಳು ಕೈಯಲ್ಲಿ ಹಿಡಿದೇ ಹೇಳುತ್ತಾಳೆ. ಆ ತಿಳಿವಳಿಕೆಯೇ ಈ ವ್ಯಾಪಾರದಲ್ಲಿ ಅವಳ ಬಂಡವಾಳ, ಅದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ತೆಗೆಯುವ ಬಗೆಯನ್ನೂ ಹೇಳಿಬಿಡುತ್ತೇನೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಒಂದು ಮೇಜು ಹಾಕಿ. ಬಣ್ಣದ ಪ್ಲಾಸ್ಟಿಕ್ ಬೇಡ, ಮಣ್ಣಿನ ಬಟ್ಟಲೋ ಮರದ ಚಮಚವೋ ಇರಲಿ. ಕಿಟಕಿಯ ಎದುರು ಬದಿಗೆ ಒಂದು ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿದರೆ ನೆರಳಿನ ಕಡೆಗೂ ಸ್ವಲ್ಪ ಬೆಳಕು ಮರಳುತ್ತದೆ. ಕಾಳುಗಳಲ್ಲಿ ಕಲ್ಲು, ಕಡ್ಡಿ, ನುಸಿ ಇಲ್ಲದಂತೆ ಆರಿಸಿ. ಬರಿಗಣ್ಣಿಗೆ ಕಾಣದ ಕಸ ದೊಡ್ಡದು ಮಾಡಿ ನೋಡಿದಾಗ ಎದ್ದು ಕಾಣುತ್ತದೆ. ಮೊದಲು ಮೇಲಿನಿಂದ ನೇರವಾಗಿ ಒಂದು, ಓರೆಯಾಗಿ ಒಂದು, ತೀರ ಹತ್ತಿರದಿಂದ ಕಾಳು ಮಾತ್ರ ತುಂಬುವಂತೆ ಒಂದು. ಬಳಿಕ ಹೊಟ್ಟು ತೆಗೆಯದ ಕಾಳು, ಹೊಟ್ಟು ತೆಗೆದ ಅಕ್ಕಿ, ಬೇಯಿಸಿದ ಅನ್ನ, ಮೂರನ್ನೂ ಬೇರೆ ಬೇರೆಯಾಗಿ ತೆಗೆಯಿರಿ. ಒಂದೇ ಧಾನ್ಯದಿಂದ ಹಲವು ಬಗೆಯ ಅಗತ್ಯಕ್ಕೆ ಹಲವು ಚಿತ್ರ ಬಂದವು. ಇದರಲ್ಲಿ ಯಾರ ಮುಖವೂ ಇಲ್ಲ, ಯಾವ ಕಂಪನಿಯ ಗುರುತೂ ಇಲ್ಲ, ಯಾರ ಅನುಮತಿಯೂ ಬೇಕಿಲ್ಲ. ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ನನಗೆ ತೋಚುವುದಿಲ್ಲ.

ಒಂದು ಕಡೆ ಖಾಲಿ ಜಾಗ ಬಿಡುವುದನ್ನು ರೂಢಿ ಮಾಡಿಕೊಳ್ಳಿ. ಸ್ಪರ್ಧೆಗೆ ತೆಗೆಯುವಾಗ ಚೌಕಟ್ಟು ತುಂಬುವುದನ್ನು ಕಲಿತಿರುತ್ತೇವೆ. ಇಲ್ಲಿ ವಿನ್ಯಾಸಕಾರರು ಆ ಚಿತ್ರದ ಮೇಲೆ ಶೀರ್ಷಿಕೆ ಬರೆಯಬೇಕು, ಬೆಲೆ ಹಾಕಬೇಕು. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ತೆರೆದೊಡನೆ ಕಾಣುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ನಿಮಗೆ ನೆನಪಿರಬಹುದು. ಚಾರ್ಲ್ಸ್ ಓ'ರಿಯರ್ 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ರಸ್ತೆ ಬದಿ ನಿಂತು ತೆಗೆದದ್ದು ಅದು. ಸ್ಟಾಕ್ ಏಜೆನ್ಸಿಯಲ್ಲಿದ್ದ ಆ ಚಿತ್ರವನ್ನು ಮೈಕ್ರೋಸಾಫ್ಟ್ ಆರಿಸಿಕೊಂಡಿತು. ಅದರ ಅರ್ಧಭಾಗ ಬರೀ ಆಕಾಶ. ಪರದೆಯ ಮೇಲಿನ ಐಕಾನ್‌ಗಳಿಗೆಲ್ಲ ಅಲ್ಲಿ ಜಾಗವಿತ್ತು.

ಚಿತ್ರ ಆಯಿತು. ಅರ್ಧ ಕೆಲಸ ಇನ್ನೂ ಬಾಕಿ ಇದೆ, ಆ ಅರ್ಧವನ್ನೇ ಹೆಚ್ಚಿನವರು ಉದಾಸೀನ ಮಾಡುತ್ತಾರೆ. ಪ್ರತಿ ಚಿತ್ರಕ್ಕೂ ಒಂದು ಶೀರ್ಷಿಕೆ, ಜೊತೆಗೆ ಹುಡುಕುಪದಗಳನ್ನು, ಅಂದರೆ ಕೀವರ್ಡ್‌ಗಳನ್ನು ಕೊಡಬೇಕು. ಅಡೋಬಿಯಲ್ಲಿ 49, ಶಟರ್‌ಸ್ಟಾಕ್‌ನಲ್ಲಿ 50ರವರೆಗೆ ಕೊಡಬಹುದು. ಇವನ್ನೆಲ್ಲ ಇಂಗ್ಲಿಷಿನಲ್ಲೇ ಕೊಡಿ. ಕೊಳ್ಳುವವರು ಚಿತ್ರವನ್ನು ಕಾಣುವುದಕ್ಕೆ ಮುಂಚೆ ಯಂತ್ರ ಈ ಪದಗಳನ್ನು ಓದುತ್ತದೆ. ಪದ ತಪ್ಪಿದರೆ ಚಿತ್ರ ಇದ್ದೂ ಇಲ್ಲದಂತೆ.

ನವಣೆಯ ಬಟ್ಟಲಿಗೆ ಶೀರ್ಷಿಕೆ ಕೊಡುವುದು ಹೇಗೆಂದು ನೋಡೋಣ. ‘ಸುಂದರವಾದ ಆರೋಗ್ಯಕರ ಧಾನ್ಯ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಮಣ್ಣಿನ ಬಟ್ಟಲಿನಲ್ಲಿ ಹೊಟ್ಟು ತೆಗೆಯದ ನವಣೆ, ಮೇಲಿನಿಂದ ಕಂಡಂತೆ’ ಎಂಬುದು ಶೀರ್ಷಿಕೆ. ಇದನ್ನೇ ಇಂಗ್ಲಿಷಿನಲ್ಲಿ ಬರೆದರಾಯಿತು. ಕೀವರ್ಡ್‌ಗಳಲ್ಲಿ ಮೊದಲು ಫಾಕ್ಸ್‌ಟೇಲ್ ಮಿಲೆಟ್, ಆಮೇಲೆ ಸೆಟಾರಿಯಾ ಇಟಾಲಿಕಾ ಎಂಬ ಸಸ್ಯಶಾಸ್ತ್ರೀಯ ಹೆಸರು. ಪಠ್ಯಪುಸ್ತಕದವರು, ಕೃಷಿ ವಿಶ್ವವಿದ್ಯಾಲಯದವರು ಹುಡುಕುವುದು ಅದನ್ನೇ. ಬಳಿಕ ಇಂಗ್ಲಿಷ್ ಅಕ್ಷರಗಳಲ್ಲಿ ನವಣೆ. ಬೆಂಗಳೂರಿನ ವಿನ್ಯಾಸಕಾರರು ಹಾಗೆಯೂ ಹುಡುಕಬಹುದು. ಆಮೇಲೆ ಧಾನ್ಯ, ಬಟ್ಟಲು, ಗ್ಲುಟನ್ ಇಲ್ಲದ ಆಹಾರ, ಭಾರತ, ಕರ್ನಾಟಕ. ಮುಖ್ಯವಾದದ್ದು ಮೊದಲು ಬರಬೇಕು, ಅಡೋಬಿಯಲ್ಲಂತೂ ಮೊದಲ ಹತ್ತು ಪದಗಳಿಗೇ ಹೆಚ್ಚು ತೂಕ. ಐವತ್ತು ತುಂಬಿಸಲೇಬೇಕೆಂದು ಚಿತ್ರದಲ್ಲಿಲ್ಲದ್ದನ್ನು ಸೇರಿಸಬೇಡಿ, ಅದಕ್ಕಾಗಿಯೇ ಚಿತ್ರ ತಿರಸ್ಕೃತವಾಗುತ್ತದೆ. ಊರಿನ ಹೆಸರಿದ್ದರೆ ಹೊಸದು, ಹಳೆಯದು ಎರಡನ್ನೂ ಕೊಡಿ. 2014ರ ನವೆಂಬರ್ ಒಂದರಿಂದ ನಮಗೆ ಅಧಿಕೃತವಾಗಿ ಮೈಸೂರು, ಬೆಂಗಳೂರು, ಬೆಳಗಾವಿ. ಹೊರದೇಶದವರು ಈಗಲೂ ಮೈಸೋರ್, ಬ್ಯಾಂಗಲೋರ್, ಬೆಲ್ಗಾಮ್ ಎಂದು ಟೈಪ್ ಮಾಡುವುದುಂಟು.

ತಾಂತ್ರಿಕ ಅಗತ್ಯಗಳು ಹೆದರಿಸುವಂಥವಲ್ಲ. ಶಟರ್‌ಸ್ಟಾಕ್, ಅಡೋಬಿ ಎರಡಕ್ಕೂ ಕನಿಷ್ಠ 4 ಮೆಗಾಪಿಕ್ಸೆಲ್ ಇದ್ದರೆ ಸಾಕು, ಈಚಿನ ಯಾವ ಫೋನೂ ಇದನ್ನು ದಾಟುತ್ತದೆ. ಫೈಲು ಜೆಪೆಗ್ ಆಗಿರಲಿ, ಬಣ್ಣದ ವ್ಯವಸ್ಥೆ ಎಸ್‌ಆರ್‌ಜಿಬಿ ಇರಲಿ. ಮೇಲೆ ನಿಮ್ಮ ಹೆಸರಿನ ವಾಟರ್‌ಮಾರ್ಕ್, ತಾರೀಖು, ಚೌಕಟ್ಟು ಬೇಡವೇ ಬೇಡ. ಕಳಿಸುವ ಮುಂಚೆ ಕಂಪ್ಯೂಟರಿನಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ತೆರೆದು ಮೂಲೆ ಮೂಲೆ ನೋಡಿ. ಫೋನಿನ ಪುಟ್ಟ ಪರದೆಯಲ್ಲಿ ಚೂಪಾಗಿ ಕಂಡದ್ದು ಅಲ್ಲಿ ಮಸುಕಾಗಿರುತ್ತದೆ. ಮಬ್ಬು ಬೆಳಕಿನಲ್ಲಿ ತೆಗೆದದ್ದರಲ್ಲಿ ಮರಳು ಚೆಲ್ಲಿದ ಹಾಗೆ ಚುಕ್ಕಿಗಳಿರುತ್ತವೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ಎಂದೂ ಬಳಸಬೇಡಿ, ಅದು ಕುಗ್ಗಿದ ಫೈಲು.

ಮನುಷ್ಯರು ಚಿತ್ರದೊಳಗೆ ಬಂದ ಕೂಡಲೇ ಜವಾಬ್ದಾರಿ ಹೆಚ್ಚುತ್ತದೆ. ಚಿಕ್ಕಮಗಳೂರಿನ ತೋಟದ ಕಣದಲ್ಲಿ ಕಾಫಿ ಹಣ್ಣು ಹರವುತ್ತಿರುವ ಒಬ್ಬ ಹೆಂಗಸಿನ ಚಿತ್ರ ನಿಮ್ಮಲ್ಲಿದೆ ಎಂದುಕೊಳ್ಳಿ. ಅವರ ಗುರುತು ಸಿಗುತ್ತಿದ್ದರೆ, ಆ ಚಿತ್ರ ಜಾಹೀರಾತಿಗೆ ಬಳಕೆಯಾಗಲು ಅವರ ಸಹಿ ಇರುವ ಒಪ್ಪಿಗೆ ಪತ್ರ, ಮಾಡೆಲ್ ರಿಲೀಸ್, ಬೇಕು. ಮಕ್ಕಳಾದರೆ ತಂದೆ ತಾಯಿಯ ಸಹಿ. ಸಿದ್ಧ ನಮೂನೆ ಎಲ್ಲ ತಾಣಗಳಲ್ಲೂ ಸಿಗುತ್ತದೆ. ಆದರೆ ಇಂಗ್ಲಿಷ್ ಕಾಗದ ಮುಂದಿಟ್ಟು ‘ಇಲ್ಲೊಂದು ಸೈನ್ ಹಾಕಿ ಅಮ್ಮ’ ಎನ್ನುವುದು ಒಪ್ಪಿಗೆಯಲ್ಲ. ಈ ಫೋಟೊ ಯಾವುದಾದರೂ ದೇಶದಲ್ಲಿ ಕಾಫಿ ಪುಡಿಯ ಡಬ್ಬದ ಮೇಲೂ ಬರಬಹುದು, ನನಗೆ ಇದರಿಂದ ಹಣ ಬರುತ್ತದೆ, ಬೇಡವೆನಿಸಿದರೆ ಈಗಲೇ ಹೇಳಿ ಎಂದು ಅವರ ಮಾತಿನಲ್ಲೇ ಬಿಡಿಸಿ ಹೇಳಬೇಕು. ಅವರಿಗೂ ಒಂದಿಷ್ಟು ಹಣ ಕೊಡಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ, ಕಾನೂನು ಕೇಳಲಿ ಬಿಡಲಿ. ಒಪ್ಪದಿದ್ದರೆ ಮುಖ ಕಾಣದಂತೆ ಕೈ ಮತ್ತು ಹಣ್ಣು ಮಾತ್ರ ತೆಗೆಯಿರಿ. ಅಂಥ ಚಿತ್ರಕ್ಕೂ ಬೇಡಿಕೆ ಇದೆ.

ದಸರೆಯ ಜಂಬೂಸವಾರಿಯಲ್ಲಿ ಸಾವಿರ ಜನರ ಸಹಿ ಪಡೆಯಲಾಗದು ನಿಜ. ಅದಕ್ಕಾಗಿ ಸಂಪಾದಕೀಯ ಬಳಕೆ, ಎಡಿಟೋರಿಯಲ್ ಎಂಬ ಇನ್ನೊಂದು ವಿಭಾಗವಿದೆ. ಸುದ್ದಿ, ಲೇಖನ, ಪಠ್ಯಪುಸ್ತಕಕ್ಕೆ ಮಾತ್ರ ಬಳಸಬಹುದಾದ ಚಿತ್ರಗಳು ಅಲ್ಲಿಗೆ ಹೋಗುತ್ತವೆ. ಶಟರ್‌ಸ್ಟಾಕ್‌ನಲ್ಲಿ ಇಂಥ ಚಿತ್ರದ ವಿವರಣೆ ಊರು, ದೇಶ, ತಾರೀಖಿನಿಂದ ಶುರುವಾಗಿ, ಆಮೇಲೆ ನಡೆದದ್ದನ್ನು ನಡೆದಂತೆ ಹೇಳಬೇಕು. ಬಣ್ಣ ತಿದ್ದಬಹುದು, ಆದರೆ ಚಿತ್ರದಲ್ಲಿದ್ದ ತಂತಿಯನ್ನೋ ಮನುಷ್ಯನನ್ನೋ ಅಳಿಸಬಾರದು.

ಕಟ್ಟಡಗಳ ವಿಷಯದಲ್ಲಿ ನಮ್ಮ ಕಾನೂನು ಉದಾರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಟ್ಟಡದ ಫೋಟೊ, ಸಾರ್ವಜನಿಕ ಜಾಗದಲ್ಲಿ ಶಾಶ್ವತವಾಗಿ ನಿಲ್ಲಿಸಿದ ಶಿಲ್ಪದ ಫೋಟೊ ಉಲ್ಲಂಘನೆಯಾಗುವುದಿಲ್ಲ. ಆದರೆ ಮೆಟ್ರೊ ಕಂಬದ ಮೇಲೋ ಗೋಡೆಯ ಮೇಲೋ ಕಲಾವಿದರು ಬರೆದ ಚಿತ್ರಕ್ಕೆ ಈ ವಿನಾಯಿತಿ ಇಲ್ಲ. ಅಂಥದ್ದನ್ನೇ ಚೌಕಟ್ಟು ತುಂಬ ತೆಗೆದು ಮಾರಲು ಹೋಗಬೇಡಿ. ಹಂಪಿ, ಬೇಲೂರು, ಸೋಮನಾಥಪುರದಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚಿತವಾಗಿ ಅನುಮತಿ ಬೇಕು. ಅಂಗಡಿ ಬೋರ್ಡು, ಕಾರಿನ ಲಾಂಛನ, ಸೋಪಿನ ಪೊಟ್ಟಣ ಕಂಡರೆ ಜಾಹೀರಾತು ವಿಭಾಗದಲ್ಲಿ ಚಿತ್ರ ನಿಲ್ಲುವುದಿಲ್ಲ.

ಮದುವೆ ಫೋಟೊ ತೆಗೆಯುವವರು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ಅದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ಹಣ ಕೊಟ್ಟು ನಿಮ್ಮಿಂದ ಫೋಟೊ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ ಹಕ್ಕಿನ ಮೊದಲ ಒಡೆಯರು ತೆಗೆಸಿದವರೇ. ಕ್ಯಾಮೆರಾ ನಿಮ್ಮದು, ಕಣ್ಣು ನಿಮ್ಮದು, ಶ್ರಮವೂ ನಿಮ್ಮದು, ಆದರೂ ಮದುಮಗಳ ಮದರಂಗಿ ಕೈಯ ಚಿತ್ರವನ್ನು ನೀವಾಗಿಯೇ ಮಾರಲಾಗದು. ಮುಂಗಡ ಪಡೆಯುವಾಗಲೇ ಎರಡು ಸಾಲು ಬರೆದು ಸಹಿ ಮಾಡಿಸಿಕೊಂಡರೆ ತೊಂದರೆ ಇಲ್ಲ.

ಖಾತೆ ತೆರೆಯುವುದು ಸುಲಭ. ಗುರುತಿನ ದಾಖಲೆ ಕೊಟ್ಟು ಚಿತ್ರ ಏರಿಸಿದರೆ ಪರಿಶೀಲಕರು ನೋಡಿ ಒಪ್ಪುತ್ತಾರೆ ಅಥವಾ ಕಾರಣ ಬರೆದು ತಿರುಗಿಸುತ್ತಾರೆ. ತಿರುಗಿ ಬಂದರೆ ಮನಸ್ಸು ಕುಗ್ಗಿಸಿಕೊಳ್ಳಬೇಡಿ, ಕಾರಣ ಓದಿ. ಫೋಕಸ್ ಸರಿಯಿಲ್ಲ, ಚುಕ್ಕಿಗಳಿವೆ, ಲಾಂಛನ ಕಾಣುತ್ತಿದೆ, ಒಂದೇ ಥರದವು ಹಲವಿವೆ: ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು. ಒಂದೇ ಬಟ್ಟಲನ್ನು ಇಪ್ಪತ್ತು ಸಲ ಕಳಿಸುವ ಬದಲು ಅದರಲ್ಲಿ ಒಳ್ಳೆಯ ಮೂರನ್ನು ಆರಿಸಿ ಕಳಿಸಿ. ಒಂದು ತಾಣಕ್ಕೆ ಮಾತ್ರ ಎಂದು ಒಪ್ಪಂದ ಮಾಡಿಕೊಳ್ಳದಿದ್ದರೆ, ಅದೇ ಚಿತ್ರವನ್ನು ನಾಲ್ಕು ಕಡೆ ಇಡಬಹುದು. ಹೊಸಬರಿಗೆ ಅದೇ ಒಳ್ಳೆಯದು.

ಹಣ ಬರುವ ದಾರಿಯಲ್ಲಿ ಒಂದು ಕಾಗದ ಮುಖ್ಯ. ಅಮೆರಿಕದ ತಾಣಗಳು ಡಬ್ಲ್ಯು-8ಬೆನ್ ಎಂಬ ತೆರಿಗೆ ಅರ್ಜಿ ಕೇಳುತ್ತವೆ. ಅದನ್ನು ತುಂಬದಿದ್ದರೆ ಅಮೆರಿಕದಲ್ಲಿ ಆದ ಮಾರಾಟದ ಮೇಲೆ ಶೇ. 30 ಕಡಿತ. ಪ್ಯಾನ್ ಸಂಖ್ಯೆ ಕೊಟ್ಟು, ಭಾರತ–ಅಮೆರಿಕ ತೆರಿಗೆ ಒಪ್ಪಂದದ ಅನುಕೂಲ ಕೋರಿ ತುಂಬಿದರೆ ಶೇ. 15. ಸಹಿ ಮಾಡಿದ ವರ್ಷದ ನಂತರದ ಮೂರನೇ ವರ್ಷದ ಕೊನೆಯವರೆಗೆ ಅದು ಚಾಲ್ತಿಯಲ್ಲಿರುತ್ತದೆ, ಆಮೇಲೆ ಮತ್ತೆ ತುಂಬಬೇಕು. ಅಡೋಬಿಯಲ್ಲಿ ಕನಿಷ್ಠ 25 ಡಾಲರ್ ಸೇರಿದ ಮೇಲೆ ಪೇಪಾಲ್, ಪೇಯೋನಿಯರ್ ಮೂಲಕ ನಮ್ಮ ಬ್ಯಾಂಕಿಗೆ ತರಿಸಿಕೊಳ್ಳಬಹುದು. ಈ ಆದಾಯವನ್ನು ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ಅಲ್ಲಿ ಕಡಿತವಾದದ್ದನ್ನು ಇಲ್ಲಿ ಹೊಂದಿಸಿಕೊಳ್ಳುವ ಅವಕಾಶವೂ ಇದೆ, ಅದಕ್ಕೆ ಲೆಕ್ಕ ಪರಿಶೋಧಕರನ್ನು ಒಮ್ಮೆ ಕೇಳಿ.

ಮೋಸದ ಬಗ್ಗೆ ಒಂದು ಮಾತು. ಇನ್‌ಸ್ಟಾಗ್ರಾಮ್‌ನಲ್ಲಿ ಅಪರಿಚಿತರು ‘ನಿಮ್ಮ ಚಿತ್ರ ಅದ್ಭುತ, ಎನ್‌ಎಫ್‌ಟಿಯಾಗಿ ಸಾವಿರಾರು ಡಾಲರಿಗೆ ಕೊಳ್ಳುತ್ತೇನೆ’ ಎಂದು ಬರೆಯುತ್ತಾರೆ, ಆಮೇಲೆ ಶುಲ್ಕದ ಹೆಸರಿನಲ್ಲಿ ನಿಮ್ಮಿಂದಲೇ ಹಣ ಕೇಳುತ್ತಾರೆ. ಮೇಲೆ ಹೇಳಿದ ಯಾವ ತಾಣವೂ ಚಿತ್ರ ಸೇರಿಸಿಕೊಳ್ಳಲು ದುಡ್ಡು ಕೇಳುವುದಿಲ್ಲ. ಮಾರುವವರು ಹಣ ಕಟ್ಟಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ.

ಕೃತಕ ಬುದ್ಧಿಮತ್ತೆಯೇ ಚಿತ್ರ ಮಾಡಿಕೊಡುವಾಗ ನಮ್ಮದು ಯಾರಿಗೆ ಬೇಕು ಎಂಬ ಆತಂಕ ಸಹಜ. ಸುಮ್ಮನೆ ನಗುವ ಕಚೇರಿಯವರು, ಅಮೂರ್ತ ಹಿನ್ನೆಲೆ, ಸೂರ್ಯಾಸ್ತ ಇಂಥವುಗಳ ಮಾರುಕಟ್ಟೆಗೆ ಪೆಟ್ಟು ಬಿದ್ದೇ ಬೀಳುತ್ತದೆ, ಸಮಾಧಾನ ಹೇಳಿ ಪ್ರಯೋಜನವಿಲ್ಲ. ನಮ್ಮ ಚಿತ್ರಗಳನ್ನೇ ಬಳಸಿ ಆ ಯಂತ್ರಗಳಿಗೆ ತರಬೇತಿ ಕೊಟ್ಟದ್ದೂ ನಿಜ. ಅಡೋಬಿ ತನ್ನ ಫೈರ್‌ಫ್ಲೈ ಎಂಬ ಚಿತ್ರ ಮಾಡುವ ಯಂತ್ರಕ್ಕೆ ಅಡೋಬಿ ಸ್ಟಾಕ್‌ನ ಚಿತ್ರಗಳನ್ನು ಬಳಸಿ, 2023ರಲ್ಲಿ ಚಿತ್ರ ಕೊಟ್ಟವರಿಗೆ ಬೋನಸ್ ಹಂಚಿತು. ಶಟರ್‌ಸ್ಟಾಕ್‌ನಲ್ಲಿ ತರಬೇತಿಗೆ ಚಿತ್ರ ಕೊಡುವುದಿಲ್ಲ ಎನ್ನುವ ಆಯ್ಕೆ ಖಾತೆಯ ಸೆಟ್ಟಿಂಗ್‌ನಲ್ಲಿದೆ. ಸೇರುವ ದಿನವೇ ಅದನ್ನು ತೆರೆದು ಓದಿ, ನಿಮಗೆ ಸರಿ ಕಂಡದ್ದನ್ನು ಆರಿಸಿ. ಆದರೆ ಕೊರಲೆಯ ಬೆಳೆ ಹೇಗಿರುತ್ತದೆಂದು ತೋರಿಸಬೇಕಾದ ಕೃಷಿ ಕೈಪಿಡಿಗೆ ನಿಜವಾದ ಹೊಲದ ನಿಜವಾದ ತೆನೆಯೇ ಬೇಕು. ಸುದ್ದಿಗೂ ಅಷ್ಟೆ.

ಮೂಲ ಫೈಲುಗಳನ್ನು ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ ಇಡಿ, ಒಪ್ಪಿಗೆ ಪತ್ರಗಳನ್ನು ಸ್ಕ್ಯಾನ್ ಮಾಡಿ ಅದೇ ಫೋಲ್ಡರ್‌ಗೆ ಸೇರಿಸಿ. ಯಾರಾದರೂ ನಿಮ್ಮ ಚಿತ್ರ ಕದ್ದರೆ ಅದು ನಿಮ್ಮದೆಂದು ತೋರಿಸಲು ಕ್ಯಾಮೆರಾದಿಂದ ಬಂದ ಆ ಮೂಲ ಫೈಲೇ ಆಧಾರ. ನಮ್ಮ ಕಾನೂನಿನಲ್ಲಿ ಫೋಟೊ ತೆಗೆದವರ ಜೀವಮಾನವಿಡೀ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಮತ್ತೆ 60 ವರ್ಷ ಅದರ ಹಕ್ಕು ಉಳಿಯುತ್ತದೆ. ನಿಮ್ಮ ಆಯುಷ್ಯಕ್ಕಿಂತ ಚಿತ್ರದ ಆಯುಷ್ಯ ಹೆಚ್ಚು. ಯಾವ ಯಾವ ತಾಣದಲ್ಲಿ ಖಾತೆ ಇದೆ, ಹಣ ಯಾವ ಬ್ಯಾಂಕಿಗೆ ಬರುತ್ತದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ಮನೆಯವರಿಗೆ ತಿಳಿಸಿಡಿ.